ಲೆಫ್ಟಿನೆಂಟ್ ಗವರ್ನರ್‌ಗೆ ಬೇರೆ ವೋಟು ಹಾಕಬೇಕಾ? ವರ್ಜೀನಿಯಾದಲ್ಲಿ ಒಂಥರ, ಮೇರಿಲ್ಯಾಂಡ್‌ನಲ್ಲಿ ಇನ್ನೊಂಥರ ಯಾಕೆ?

ಹಾಸನದಹುಡುಗಿ:
ಅಕ್ಕ ವರ್ಜೀನಿಯಾದಲ್ಲಿದ್ದಾಳೆ. 2025ರ ನವೆಂಬರ್‌ನಲ್ಲಿ ಅಲ್ಲಿ ಅಬಿಗೇಲ್ ಸ್ಪ್ಯಾನ್‌ಬರ್ಗರ್ ಗವರ್ನರ್ ಆಗಿ ಗೆದ್ದರು, ಗಝಾಲಾ ಹಶ್ಮಿ ಲೆಫ್ಟಿನೆಂಟ್ ಗವರ್ನರ್ (ಅಂದರೆ ಉಪ ಗವರ್ನರ್) ಆಗಿ. ಎರಡಕ್ಕೂ ಬೇರೆ ಬೇರೆ ವೋಟು ಅಂತೆ. ಆದರೆ ನದಿ ಆಚೆ ಮೇರಿಲ್ಯಾಂಡ್‌ನಲ್ಲಿರುವ ಭಾವನ ತಮ್ಮ "ನಮಗೆ ಒಂದೇ ವೋಟು, ಅರುಣಾ ಮಿಲ್ಲರ್ ಅದರಲ್ಲೇ ಬಂದರು" ಅಂತಾನೆ. ಹಶ್ಮಿ, ಮಿಲ್ಲರ್ ಇಬ್ಬರೂ ಹೈದರಾಬಾದಿನಲ್ಲಿ ಹುಟ್ಟಿದವರು, ಹುದ್ದೆಯೂ ಒಂದೇ, ಆರಿಸುವ ರೀತಿ ಮಾತ್ರ ಬೇರೆ ಯಾಕೆ? ನಮ್ಮ ದೆಹಲಿ, ಪುದುಚೇರಿಗಾದರೆ ರಾಷ್ಟ್ರಪತಿಯೇ ನೇಮಿಸ್ತಾರೆ, ತಲೆಬಿಸಿ ಇಲ್ಲ.

ಬಾಲ್ಟಿಮೋರ್_ಭಟ್ರು:
ಇಬ್ಬರೂ ಹೇಳಿದ್ದು ಸರಿ. ಅದನ್ನು ಆಯಾ ರಾಜ್ಯದ ಸಂವಿಧಾನ ತೀರ್ಮಾನಿಸುತ್ತದೆ, ವಾಷಿಂಗ್ಟನ್‌ಗೂ ಅದಕ್ಕೂ ಸಂಬಂಧ ಇಲ್ಲ. 26 ರಾಜ್ಯಗಳಲ್ಲಿ ಜೋಡಿ ಟಿಕೆಟ್ (ಇಬ್ಬರಿಗೂ ಸೇರಿ ಒಂದೇ ವೋಟು), 17ರಲ್ಲಿ ಪ್ರತ್ಯೇಕ ಚುನಾವಣೆ. ಇಲ್ಲಿ ಮೇರಿಲ್ಯಾಂಡ್‌ನಲ್ಲಿ ಗವರ್ನರ್ ಅಭ್ಯರ್ಥಿಯೇ ಜೊತೆಗಾರರನ್ನು ಆರಿಸಿಕೊಂಡು ನಿಲ್ಲುತ್ತಾರೆ, ಗೆದ್ದ ಮೇಲೆ ಗವರ್ನರ್ ಏನು ಕೆಲಸ ಕೊಡ್ತಾರೋ ಅದೇ ಕೆಲಸ. ವರ್ಜೀನಿಯಾದಲ್ಲಿ ಹಾಗಲ್ಲ, ಲೆಫ್ಟಿನೆಂಟ್ ಗವರ್ನರ್ ರಾಜ್ಯದ ಸೆನೆಟ್‌ನ (ಮೇಲ್ಮನೆಯ) ಅಧ್ಯಕ್ಷತೆ ವಹಿಸುತ್ತಾರೆ, 40 ಸದಸ್ಯರು ಸಮ ಸಮ ಒಡೆದರೆ ಅವರ ವೋಟೇ ಗತಿ. ಎರಡಕ್ಕೂ ಬೇರೆ ವೋಟು ಇರೋದಕ್ಕೇ 2005ರಲ್ಲಿ ಜನ ಡೆಮಾಕ್ರಾಟ್ ಟಿಮ್ ಕೇನ್ ಅವರನ್ನು ಗವರ್ನರ್ ಮಾಡಿ, ಪಕ್ಕದಲ್ಲಿ ರಿಪಬ್ಲಿಕನ್ ಬಿಲ್ ಬೋಲಿಂಗ್ ಅವರನ್ನು ಕೂರಿಸಿದ್ದು ಸಾಧ್ಯವಾಯಿತು.

ಸುಮ್ನೆಓದೋನು:
ಪ್ರತ್ಯೇಕ ಚುನಾವಣೆ ಕೇಳೋಕೆ ಚೆನ್ನಾಗಿರುತ್ತೆ ಅಷ್ಟೇ. ಕೆಲವು ರಾಜ್ಯಗಳಲ್ಲಿ ಗವರ್ನರ್ ಗಡಿ ದಾಟಿದರೆ ಸಾಕು, ಲೆಫ್ಟಿನೆಂಟ್ ಗವರ್ನರೇ ಹಂಗಾಮಿ ಗವರ್ನರ್. 2021ರ ಮೇನಲ್ಲಿ ಐಡಾಹೋ ಗವರ್ನರ್ ಬ್ರಾಡ್ ಲಿಟಲ್ ಟೆನೆಸಿಗೆ ಹೋಗಿದ್ದಾಗ ಲೆಫ್ಟಿನೆಂಟ್ ಗವರ್ನರ್ ಜಾನಿಸ್ ಮೆಕ್‌ಗೀಚಿನ್ ಮಾಸ್ಕ್ ಕಡ್ಡಾಯ ಮಾಡೋ ಹಾಗಿಲ್ಲ ಅಂತ ಆದೇಶ ಹೊರಡಿಸಿಬಿಟ್ಟರು, ಲಿಟಲ್ ವಾಪಸ್ ಬಂದು ರದ್ದು ಮಾಡಿದರು. ಇಬ್ಬರೂ ಒಂದೇ ಪಕ್ಷ, ನೋಡಿ! ಕ್ಯಾಲಿಫೋರ್ನಿಯಾದಲ್ಲೂ 1979ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಊರಲ್ಲಿಲ್ಲದಾಗ ಲೆಫ್ಟಿನೆಂಟ್ ಗವರ್ನರ್ ಮೈಕ್ ಕರ್ಬ್ ಒಬ್ಬ ನ್ಯಾಯಾಧೀಶರನ್ನೇ ನೇಮಿಸಲು ಹೋಗಿ, ಕೇಸು ರಾಜ್ಯದ ಸುಪ್ರೀಂ ಕೋರ್ಟ್ ತನಕ ಹೋಯಿತು. ಬೆನ್ನ ಹಿಂದೆ ಇಂಥವರನ್ನಿಟ್ಟುಕೊಂಡು ಯಾರು ತಾನೇ ನೆಮ್ಮದಿಯಾಗಿ ಪ್ರಯಾಣ ಮಾಡ್ತಾರೆ? ಜೋಡಿ ಟಿಕೆಟ್ಟೇ ವಾಸಿ.

ಚಿಕಾಗೋಚಳಿ:
ಒಪ್ಪಲ್ಲ. ಜೋಡಿ ಟಿಕೆಟ್‌ನಲ್ಲೂ ಎರಡು ಥರ ಇದೆ. ಪೆನ್ಸಿಲ್ವೇನಿಯಾದಲ್ಲಿ ಪ್ರೈಮರಿಯಲ್ಲಿ (ಅಭ್ಯರ್ಥಿ ಆರಿಸೋಕೆ ಪಕ್ಷದ ಒಳಗೆ ನಡೆಯುವ ಚುನಾವಣೆ) ಬೇರೆ ಬೇರೆ ಗೆದ್ದು ಬಂದವರನ್ನು ಆಮೇಲೆ ಜೋಡಿಸುತ್ತಾರೆ, ಅಲ್ಲಿ ಜನರಿಗೆ ಒಂದಿಷ್ಟು ಮಾತಿರುತ್ತದೆ. ಇಲಿನಾಯ್‌ನಲ್ಲೂ ಮೊದಲು ಹಾಗೇ ಇತ್ತು. 2002ರಲ್ಲಿ ಪ್ಯಾಟ್ ಕ್ವಿನ್ ಹಾಗೆ ಸ್ವಂತವಾಗಿ ಗೆದ್ದು ಬಂದವರು, ಆಗ ಗವರ್ನರ್ ಆದ ರಾಡ್ ಬ್ಲಾಗೊಯೆವಿಚ್ ಆರಿಸಿಕೊಂಡ ಮನುಷ್ಯ ಅಲ್ಲ. 2009ರ ಜನವರಿಯಲ್ಲಿ ರಾಜ್ಯದ ಸೆನೆಟ್ ಬ್ಲಾಗೊಯೆವಿಚ್‌ರನ್ನು ಗವರ್ನರ್ ಹುದ್ದೆಯಿಂದ ಕಿತ್ತು ಹಾಕಿದಾಗ ಕ್ವಿನ್ ಗವರ್ನರ್ ಆದರು. ಗವರ್ನರ್ ಕೈಯಾಳೇ ಆ ಜಾಗದಲ್ಲಿದ್ದಿದ್ದರೆ ಕಳ್ಳನ ಮನೆ ಬೀಗದ ಕೈ ಅವನ ಪಾಲುದಾರನ ಕೈಗೇ ಕೊಟ್ಟಂಗೆ ಆಗ್ತಿತ್ತು.

ಬಾಲ್ಟಿಮೋರ್_ಭಟ್ರು:
@ಚಿಕಾಗೋಚಳಿ, ಮುಂದಿನದನ್ನೂ ಹೇಳಿ ಮತ್ತೆ 😄 ಮರುವರ್ಷವೇ ಅದೇ ಪ್ರೈಮರಿಯಲ್ಲಿ ಸ್ಕಾಟ್ ಲೀ ಕೋಹೆನ್ ಅನ್ನೋ ಗಿರವಿ ಅಂಗಡಿಯವರು ಸ್ವಂತ ದುಡ್ಡು ಸುರಿದು ಗೆದ್ದರು. ಗೆದ್ದ ಮೇಲೆ ಹಳೆಯ ಆರೋಪಗಳೆಲ್ಲ ಸುದ್ದಿಯಾಗಿ ಕೆಲವೇ ದಿನಗಳಲ್ಲಿ ಹಿಂದೆ ಸರಿದರು. ನಿಮ್ಮ ರಾಜ್ಯ ಕಾನೂನನ್ನೇ ಬದಲಿಸಿ, ಪ್ರೈಮರಿಯಿಂದಲೇ ಜೋಡಿಯಾಗಿ ನಿಲ್ಲಬೇಕು ಅಂದಿದ್ದು ಅದಾದ ಮೇಲೆ.

ಚಿಕಾಗೋಚಳಿ:
ಒಬ್ಬರ ಕಥೆಗೆ ಮತದಾರರ ಹಕ್ಕೇ ಹೋಯಿತು, ಅಲ್ವಾ? ಅದನ್ನೇ ನಾನೂ ಹೇಳ್ತಿರೋದು.

ಮರಳುಗಾಡಿನ_ಮಲ್ಲಿಗೆ:
ನಮ್ಮ ಅರಿಜೋನಾವನ್ನೂ ಸೇರಿಸಿಕೊಳ್ಳಿ. ಇಲ್ಲಿ ಈ ಹುದ್ದೆಯೇ ಇರಲಿಲ್ಲ, ಗವರ್ನರ್ ಬಿಟ್ಟು ಹೋದರೆ ಸೆಕ್ರೆಟರಿ ಆಫ್ ಸ್ಟೇಟ್ (ರಾಜ್ಯದ ಚುನಾವಣೆ, ದಾಖಲೆ ನೋಡಿಕೊಳ್ಳುವವರು) ಆ ಜಾಗಕ್ಕೆ ಬರ್ತಿದ್ದರು, ಅವರು ಎದುರು ಪಕ್ಷದವರಾದರೂ ಸರಿ. 2022ರಲ್ಲಿ ಜನ ವೋಟು ಹಾಕಿ ಹುದ್ದೆ ಸೃಷ್ಟಿಸಿದರು, 2026ರ ಚುನಾವಣೆಯಿಂದ ಜೋಡಿ ಟಿಕೆಟ್. ಟೆನೆಸಿ, ವೆಸ್ಟ್ ವರ್ಜೀನಿಯಾಗಳಲ್ಲಂತೂ ಸೆನೆಟರ್‌ಗಳು ತಮ್ಮ ಸಭೆಯ ಅಧ್ಯಕ್ಷರನ್ನು ಆರಿಸಿದರೆ ಅವರಿಗೇ ಈ ಪಟ್ಟ, ಜನರ ವೋಟೇ ಬೇಕಿಲ್ಲ.

ಹಾಸನದಹುಡುಗಿ:
ಥ್ಯಾಂಕ್ಸ್ ಎಲ್ಲರಿಗೂ. ಅಕ್ಕನಿಗೆ ಲಿಂಕ್ ಕಳಿಸಿದೆ. ಸೆನೆಟ್‌ನಲ್ಲಿ 20-20 ಆಗಿ ಹಶ್ಮಿ ವೋಟು ಹಾಕೋದು ಟಿವಿಯಲ್ಲಿ ಬರುತ್ತಾ ಅಂತ ಕೇಳ್ತಿದ್ದಾಳೆ, ಗೊತ್ತಿದ್ದವರು ಹೇಳಿ.