ಪಿಕಪ್‌ಗೆ ಕ್ಲಚ್ ಫ್ಯಾನ್ ತೆಗೆದು ಎಲೆಕ್ಟ್ರಿಕ್ ಫ್ಯಾನ್: ಲೋಡ್ ಹಾಕಿ ಘಾಟಿ ಹತ್ತಿದರೆ ತಡೆಯುತ್ತಾ?

ಮೀನುಗಾಡಿ_ಚಿಕ್ಕಮಗಳೂರು

ಗಾಡಿ 2014ರ 2.5 ಲೀಟರ್ ಟರ್ಬೊ ಡೀಸೆಲ್ ಪಿಕಪ್, 65 ಎಚ್‌ಪಿ ಆಸುಪಾಸು, 12 ವೋಲ್ಟ್, ಎಸಿ ಇದೆ. ಮಂಗಳೂರಿಂದ ಮೀನು, ಐಸ್ ಎಲ್ಲಾ ಸೇರಿ ಒಂದು ಟನ್ ದಾಟುತ್ತೆ. ಸಪಾಟು ರಸ್ತೆಯಲ್ಲಿ ಹೀಟ್ ಮೀಟರ್ ಮುಳ್ಳು ಅರ್ಧ ದಾಟಲ್ಲ. ಚಾರ್ಮಾಡಿ ಅರ್ಧ ಹತ್ತಿದ ಮೇಲೆ, ಎರಡನೇ ಗೇರಲ್ಲಿ, ಕೆಂಪು ಗೆರೆ ಹತ್ತಿರ ಹೋಗುತ್ತೆ. ಎಸಿ ಆಫ್ ಮಾಡಿದರೆ ಸ್ವಲ್ಪ ಇಳಿಯುತ್ತೆ. ಕ್ಲಚ್ ಫ್ಯಾನ್ (ಎಂಜಿನ್ ಬೆಲ್ಟ್‌ನಿಂದ ತಿರುಗೋದು, ಬಿಸಿಯಾದಾಗ ಮಾತ್ರ ಒಳಗಿನ ಕ್ಲಚ್ ಪೂರ್ತಿ ಹಿಡಿಯುತ್ತೆ) ಕಿತ್ತುಹಾಕಿ ಕಾರಿನ ಎಲೆಕ್ಟ್ರಿಕ್ ಫ್ಯಾನ್ ಒಂದು ಕೂರಿಸು, ಮೈಲೇಜೂ ಬರುತ್ತೆ ಅಂತಾರೆ. ಮಾಡಬಹುದಾ? ಮಾಡಿದರೆ ಯಾವ ಫ್ಯಾನ್, ಎಷ್ಟು ಆಂಪಿಯರ್, ಸೆನ್ಸರ್ ಎಲ್ಲಿ?

ಹಳೇ_ಸ್ಪ್ಯಾನರ್

ಮೊದಲು ಈಗಿರುವ ಫ್ಯಾನ್ ಕ್ಲಚ್ ಜೀವಂತ ಇದೆಯಾ ನೋಡಿ. ನೀವು ಹೇಳಿದ ಲಕ್ಷಣ, ಅಂದರೆ ಓಡುವಾಗ ಸರಿ, ನಿಧಾನಕ್ಕೆ ಏರುವಾಗ ಬಿಸಿ, ಕ್ಲಚ್ ಸತ್ತಾಗ ಬರೋದೇ ಇದು.

ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ ಸ್ವಲ್ಪ ಆಕ್ಸಿಲರೇಟರ್ ಕೊಡಿ. ಫ್ಯಾನ್ ಗೊರ್ರ್ ಅಂದು ಒಂದೆರಡು ನಿಮಿಷದಲ್ಲಿ ಸದ್ದು ಇಳಿಯಬೇಕು. ರಾತ್ರಿಯಿಡೀ ನಿಂತಾಗ ಒಳಗಿನ ಸಿಲಿಕೋನ್ ಆಯಿಲ್ ಕೆಲಸದ ಜಾಗಕ್ಕೆ ಇಳಿದಿರುತ್ತೆ, ಅದಕ್ಕೆ ಆ ಸದ್ದು. ಆಮೇಲೆ ಗಾಡಿ ಚೆನ್ನಾಗಿ ಬಿಸಿ ಮಾಡಿ, ಎಂಜಿನ್ ಆಫ್ ಮಾಡಿ, ಕೀ ಕೈಯಲ್ಲಿ ಇಟ್ಟುಕೊಂಡೇ ರೆಕ್ಕೆ ತಿರುಗಿಸಿ. ಗಟ್ಟಿ ಜೇನುತುಪ್ಪದಲ್ಲಿ ತಿರುಗಿದ ಹಾಗೆ ಬಿಗಿ ಇರಬೇಕು. ಬಿಟ್ಟ ಮೇಲೂ ಮೂರು ನಾಲ್ಕು ಸುತ್ತು ತಾನೇ ತಿರುಗಿದರೆ ಕ್ಲಚ್ ಹೋಗಿದೆ. ರೆಕ್ಕೆಯ ತುದಿ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ, ಬೇರಿಂಗ್ ಪ್ಲೇ ಗೊತ್ತಾಗುತ್ತೆ. ಮುಂಭಾಗದ ಸುರುಳಿ ಸ್ಪ್ರಿಂಗ್ ಸುತ್ತ ಎಣ್ಣೆಗೆ ಧೂಳು ಕಚ್ಚಿ ಕಪ್ಪು ಗೆರೆ ಕಂಡರೆ ಆಯಿಲ್ ಸೋರಿದೆ ಅಂತ. ಅದನ್ನು ರಿಪೇರಿ ಮಾಡಿಸೋಕೆ ಹೋಗಬೇಡಿ, ಹೊಸದೇ ಹಾಕಿ.

ಇನ್ನೊಂದು, ಎಸಿ ಕಂಡೆನ್ಸರ್‌ಗೂ (ರೇಡಿಯೇಟರ್ ಮುಂದಿರುವ ಎಸಿಯ ಜಾಲರಿ) ರೇಡಿಯೇಟರ್‌ಗೂ ನಡುವಿನ ಸಂದಿ. ಮುಂದಿನಿಂದ ನೋಡಿದರೆ ಎಲ್ಲಾ ಸ್ವಚ್ಛ, ಸಂದಿಯಲ್ಲಿ ಹೊಟ್ಟು, ಹುಳ, ಮಣ್ಣು ಸೇರಿ ಕಂಬಳಿ ಹೊದಿಸಿದ ಹಾಗೆ ಕೂತಿರುತ್ತೆ. ಮೇಲಿನ ಬೋಲ್ಟ್ ಬಿಚ್ಚಿ ಎರಡನ್ನೂ ಸ್ವಲ್ಪ ಅಗಲಿಸಿ, ಎಂಜಿನ್ ಕಡೆಯಿಂದ ಮುಂದಕ್ಕೆ ಮಾಮೂಲಿ ಪೈಪ್ ನೀರು ಬಿಡಿ. ಪ್ರೆಶರ್ ವಾಶ್ ಗನ್ ಹಿಡಿದರೆ ಫಿನ್ ಅನ್ನೋ ತೆಳು ಪಟ್ಟಿಗಳೆಲ್ಲಾ ಮಲಗಿಬಿಡುತ್ತವೆ. ರೇಡಿಯೇಟರ್ ಮುಚ್ಚಳದ ರಬ್ಬರ್ ಕೂಡ ನೋಡಿ. 0.9 ಬಾರ್ ಹಿಡಿಯಬೇಕಾದ ಮುಚ್ಚಳ ಅರ್ಧಕ್ಕೇ ಬಿಟ್ಟರೆ ಕೂಲೆಂಟ್ ಬೇಗ ಕುದಿಯುತ್ತೆ, ಯಾವ ಫ್ಯಾನ್ ಹಾಕಿದರೂ ಅಷ್ಟೇ. ಬಿಸಿ ಇರುವಾಗ ಮಾತ್ರ ತೆಗೆಯಬೇಡಿ.

ಆಂಪಿಯರ್_ಲೆಕ್ಕ

ಮೇಲಿನವರು ಹೇಳಿದ್ದು ಸರಿ. ಎಲೆಕ್ಟ್ರಿಕ್ ಸಾಕಾಗುತ್ತಾ ಅನ್ನೋದಕ್ಕೆ ಲೆಕ್ಕ ಇಲ್ಲಿದೆ.

65 ಎಚ್‌ಪಿ ಅಂದರೆ 48 ಕಿಲೋವ್ಯಾಟ್. ಲೋಡ್ ಮೇಲೆ ಹತ್ತುವಾಗ ಅದರಲ್ಲಿ 44 ಕಿಲೋವ್ಯಾಟ್‌ನಷ್ಟು ಎಳೆಯುತ್ತೀರಿ ಅನ್ನಿ. ಇಂತಹ ಡೀಸೆಲ್ ಎಂಜಿನ್ ಇಂಧನದ ಮೂರನೇ ಒಂದು ಭಾಗವನ್ನು ಚಕ್ರಕ್ಕೆ ಕೊಟ್ಟರೆ ಕಾಲು ಭಾಗ ಕೂಲೆಂಟ್‌ಗೆ ಹೋಗುತ್ತೆ ಅಂತ ಇಟ್ಟುಕೊಳ್ಳಿ. ಅಂದರೆ ಸುಮಾರು 33 ಕಿಲೋವ್ಯಾಟ್ ಶಾಖ ರೇಡಿಯೇಟರ್ ಹೊರಹಾಕಬೇಕು. ಬೇಸಿಗೆಯಲ್ಲಿ ಕಂಡೆನ್ಸರ್ ದಾಟಿ ಬರುವ ಗಾಳಿ 40 ಡಿಗ್ರಿ, ರೇಡಿಯೇಟರ್ ಹಿಂದೆ 75 ಡಿಗ್ರಿ ಅಂದುಕೊಂಡರೆ ಸೆಕೆಂಡಿಗೆ 0.83 ಘನ ಮೀಟರ್ ಗಾಳಿ ಬೇಕು. ಫ್ಯಾನ್ ಡಬ್ಬಿಯ ಭಾಷೆಯಲ್ಲಿ 1750 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ).

ಮೋಸ ಇರೋದು ಆ ಡಬ್ಬಿಯಲ್ಲೇ. ಅಲ್ಲಿ ಬರೆದಿರೋದು ಎದುರಿಗೆ ಏನೂ ಇಲ್ಲದಾಗ ಬರುವ ಗಾಳಿ. ಕಂಡೆನ್ಸರ್, ರೇಡಿಯೇಟರ್ ಎರಡರ ಮೂಲಕ ಎಳೆಯುವಾಗ ಅರ್ಧ ಉಳಿದರೂ ಪುಣ್ಯ. ಅದಕ್ಕೆ ಸಿಎಫ್‌ಎಂ ಬಿಟ್ಟು ವ್ಯಾಟ್ ನೋಡಿ. ಅಷ್ಟು ಗಾಳಿಯನ್ನು ಸುಮಾರು 150 ಪ್ಯಾಸ್ಕಲ್ ಒತ್ತಡದ ವಿರುದ್ಧ ತಳ್ಳೋಕೆ 125 ವ್ಯಾಟ್ ಬೇಕು. ಫ್ಯಾನ್, ಮೋಟರ್ ಎರಡೂ ಸೇರಿ ದಕ್ಷತೆ 35 ಶೇಕಡಾ ಅಂದರೆ ಬ್ಯಾಟರಿ ಕಡೆಯಿಂದ 350 ವ್ಯಾಟ್. ಸಣ್ಣ ಕಾರಿನ 80 ವ್ಯಾಟ್ ಫ್ಯಾನ್ ಒಂದನ್ನು ಕೂರಿಸಿದರೆ ಮೊದಲ ನಾಲ್ಕು ತಿರುವಿಗೇ ಕುದಿಯುತ್ತೆ. 12 ಇಂಚಿನ, ತಲಾ 180 ವ್ಯಾಟ್‌ನ ಎರಡು ಬೇಕು. ಅದೂ ಅಂಚಿನಲ್ಲೇ. ಗಂಟೆಗೆ 20 ಕಿಮೀ ವೇಗದ ಗಾಳಿ ಸ್ವಲ್ಪ ಸಹಾಯ ಮಾಡುತ್ತೆ, ನಿಂತಾಗ ಅದೂ ಇಲ್ಲ.

ಮೈಲೇಜ್ ಬಗ್ಗೆ: 30 ಆಂಪಿಯರ್ ಅಂದರೆ 400 ವ್ಯಾಟ್. ಆಲ್ಟರ್ನೇಟರ್ (ಬೆಲ್ಟ್‌ನಿಂದ ತಿರುಗಿ ಕರೆಂಟ್ ಕೊಡೋದು) ದಕ್ಷತೆ 60 ಶೇಕಡಾ ಹಿಡಿದರೆ ಬೆಲ್ಟ್ ಮೇಲೆ 670 ವ್ಯಾಟ್, ಮುಕ್ಕಾಲು ಎಚ್‌ಪಿಗಿಂತ ಜಾಸ್ತಿ. ಕ್ಲಚ್ ಪೂರ್ತಿ ಹಿಡಿದಾಗ ಅದಕ್ಕಿಂತ ಹೆಚ್ಚು ತಿನ್ನುತ್ತೆ ನಿಜ. ಹೆದ್ದಾರಿಯಲ್ಲಿ ಅದು ಜಾರುತ್ತಿರುತ್ತೆ, ತಿನ್ನೋದು ಕಡಿಮೆ. ಹಾಗಾಗಿ ಉಳಿಯೋ ಡೀಸೆಲ್‌ನಲ್ಲಿ ಕೆಲಸದ ಖರ್ಚು ಹುಟ್ಟುತ್ತೆ ಅಂತ ನಂಬಬೇಡಿ. ಸದ್ದು ಕಡಿಮೆ, ಆಕ್ಸಿಲರೇಟರ್ ಹಗುರ, ಟ್ರಾಫಿಕ್‌ನಲ್ಲಿ ಎಸಿ ತಂಪು. ಲಾಭ ಅಷ್ಟೇ.

ಮೀನುಗಾಡಿ_ಚಿಕ್ಕಮಗಳೂರು

ಸರ್, ನೋಡಿದೆ. ಬಿಸಿಯಲ್ಲಿ ಫ್ಯಾನ್ ಸರಾಗ ತಿರುಗುತ್ತೆ, ಸ್ಪ್ರಿಂಗ್ ಸುತ್ತ ಎಣ್ಣೆನೂ ಇದೆ. ಸಂದಿಯಿಂದ ಅರ್ಧ ಬಕೆಟ್ ಕಸ ಬಂತು. ಹೇಗೂ ಕ್ಲಚ್‌ಗೆ ದುಡ್ಡು ಹಾಕಬೇಕು, ಎರಡು ಎಲೆಕ್ಟ್ರಿಕ್ ಫ್ಯಾನ್‌ಗೇ ಹಾಕಿದರೆ ತಪ್ಪಾ? ವೈರಿಂಗ್ ಹೇಗೆ ಅಂತ ಬಿಡಿಸಿ ಹೇಳಿ.

ರಿಲೇ_ಬಾಕ್ಸ್

ತಪ್ಪೇನಲ್ಲ, ಅರ್ಧಂಬರ್ಧ ಮಾಡಿದರೆ ತಪ್ಪು. ಮೊದಲು ಆಲ್ಟರ್ನೇಟರ್ ಎಷ್ಟು ಆಂಪಿಯರ್ ಅಂತ ಅದರ ಚೀಟಿಯಲ್ಲಿ ಓದಿ. ರಾತ್ರಿ, ಮಳೆ, ಹೆಡ್‌ಲೈಟ್, ವೈಪರ್, ಎಸಿ ಬ್ಲೋವರ್ ಎಲ್ಲಾ ಓಡುವಾಗ ಇನ್ನೂ 30 ಆಂಪಿಯರ್ ಉಳಿಯಬೇಕು. ಎರಡನೇ ಗೇರಲ್ಲಿ ಆರ್‌ಪಿಎಂ ಇರುತ್ತೆ, ಪರವಾಗಿಲ್ಲ. ಐಡಲ್‌ನಲ್ಲಿ ಆಲ್ಟರ್ನೇಟರ್ ಪೂರ್ತಿ ಕೊಡಲ್ಲ, ಕೊರತೆ ಬ್ಯಾಟರಿಯಿಂದ ಹೋಗುತ್ತೆ.

ಒಂದೊಂದು ಫ್ಯಾನ್‌ಗೂ ಬೇರೆ ಬೇರೆ 40 ಆಂಪಿಯರ್ ರಿಲೇ (ಸಣ್ಣ ಕರೆಂಟಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್), ಬೇರೆ 30 ಆಂಪಿಯರ್ ಫ್ಯೂಸ್. ಓಡುವಾಗ 14–15 ಆಂಪಿಯರ್ ಎಳೆಯೋ ಮೋಟರ್ ಸ್ಟಾರ್ಟ್ ಆಗುವ ಕ್ಷಣ ಅದರ ಎರಡು ಮೂರು ಪಟ್ಟು ಎಳೆಯುತ್ತೆ, 15 ಆಂಪಿಯರ್ ಫ್ಯೂಸ್ ನಿಲ್ಲಲ್ಲ. ಬ್ಯಾಟರಿ ಪ್ಲಸ್‌ನಿಂದ 10 ಚದರ ಮಿಮೀ ತಾಮ್ರದ ವೈರ್, ಬ್ಯಾಟರಿಯಿಂದ ಒಂದು ಗೇಣಿನೊಳಗೇ 60 ಆಂಪಿಯರ್ ಮೇನ್ ಫ್ಯೂಸ್, ಆಮೇಲೆ ರಿಲೇಯ 30ನೇ ಕಾಲಿಗೆ (30, 85, 86, 87 ಅನ್ನೋದು ರಿಲೇ ಮೇಲೆ ಬರೆದಿರುವ ಕಾಲಿನ ನಂಬರ್). 87ರಿಂದ ಮೋಟರ್‌ಗೆ 4 ಚದರ ಮಿಮೀ. 86ಕ್ಕೆ ಇಗ್ನಿಷನ್ ಆನ್ ಆದಾಗ ಬರುವ ಕರೆಂಟ್ 5 ಆಂಪಿಯರ್ ಫ್ಯೂಸ್ ಮೂಲಕ. 85 ಸೆನ್ಸರ್‌ಗೆ ಹೋಗಿ ಅರ್ತ್ ಆಗಬೇಕು. ಡ್ಯಾಶ್‌ಬೋರ್ಡಲ್ಲಿ ಒಂದು ಸ್ವಿಚ್ ಇಟ್ಟು ಅದೇ 85ನ್ನು ಕೈಯಿಂದಲೂ ಅರ್ತ್ ಮಾಡುವ ಹಾಗಿರಲಿ. ಸೆನ್ಸರ್ ಕೈಕೊಟ್ಟ ದಿನ ಘಾಟಿ ಮಧ್ಯೆ ಅದೇ ದೇವರು.

ಎಂಜಿನ್‌ನ ಕಂಪ್ಯೂಟರ್ ಸೆನ್ಸರ್ ವೈರ್ ಕೊಯ್ದು ಅದರಿಂದ ಫ್ಯಾನ್ ಓಡಿಸಬೇಡಿ. ಅದರ ರೆಸಿಸ್ಟೆನ್ಸ್ ಬದಲಾಗಿ ಕಂಪ್ಯೂಟರ್ ತಪ್ಪು ತಾಪ ಓದುತ್ತೆ. ಫ್ಯಾನ್ ಸೆನ್ಸರ್ ಅಂತ ನಿಗದಿತ ಬಿಸಿಗೆ ಆನ್ ಆಗುವ ಬೇರೆ ಥರ್ಮೋ ಸ್ವಿಚ್ಚೇ ಹಾಕಿ.

ಸುಟ್ಟುಹೋದ ಇಂತಹ ಕೆಲಸಗಳನ್ನು ಬಿಚ್ಚಿ ನೋಡಿ, ಮೋಟರ್ ಚೆನ್ನಾಗೇ ಇರುತ್ತೆ. ರಿಲೇ ಸಾಕೆಟ್‌ನಲ್ಲಿ 30 ಮತ್ತು 87ರ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಕರಗಿ, ವೈರ್ ತುದಿಯ ಹಿತ್ತಾಳೆ ಲಗ್ ಸಡಿಲ ಆಗಿರುತ್ತೆ. ಇಕ್ಕಳದಲ್ಲಿ ಒತ್ತಿ ಟೇಪ್ ಸುತ್ತಿದ ಲಗ್‌ನ ಗತಿ ಅದು. ಕ್ರಿಂಪಿಂಗ್ ಟೂಲ್‌ನಲ್ಲೇ ಒತ್ತಿಸಿ, ರಿಲೇ ಕಾಲು ಕೆಳಗೆ ಬರುವ ಹಾಗೆ ಕೂರಿಸಿ, ನೀರು ನಿಲ್ಲಬಾರದು. ಅರ್ತ್ ಅನ್ನು ರೇಡಿಯೇಟರ್ ಪಟ್ಟಿಯ ಪೇಂಟ್ ಮೇಲೆ ಕೊಡಬೇಡಿ, ನೇರ ಬ್ಯಾಟರಿ ಮೈನಸ್‌ಗೆ ಎಳೆಯಿರಿ. ಎಲ್ಲಾ ಆದ ಮೇಲೆ ಎರಡೂ ಫ್ಯಾನ್ ಓಡುವಾಗ ಮಲ್ಟಿಮೀಟರ್‌ನ ಒಂದು ಕಡ್ಡಿ ಬ್ಯಾಟರಿ ಪ್ಲಸ್‌ಗೆ, ಇನ್ನೊಂದು ಮೋಟರ್ ಪ್ಲಸ್‌ಗೆ ಇಡಿ. 0.3 ವೋಲ್ಟ್ ಒಳಗಿರಬೇಕು. ಮೈನಸ್ ಕಡೆ 0.2. ಒಂದು ವೋಲ್ಟ್ ಕಳೆದುಕೊಂಡರೆ ಫ್ಯಾನ್ ಸ್ಪೀಡ್ ಬೀಳುತ್ತೆ, ಸ್ಪೀಡಿನ ಮೂರನೇ ಘಾತದಲ್ಲಿ ಗಾಳಿಯ ಶಕ್ತಿ ಬೀಳುತ್ತೆ.

ಹಳೇ_ಸ್ಪ್ಯಾನರ್

ವೈರಿಂಗ್ ಆಯ್ತು, ಈಗ ಕಬ್ಬಿಣದ ಕೆಲಸ. ಕ್ಲಚ್ ಬಿಚ್ಚಿದ ಮೇಲೆ ವಾಟರ್ ಪಂಪ್ ಪುಲಿ ಯಾವ ಬೋಲ್ಟ್ ಮೇಲೆ ನಿಂತಿದೆ ನೋಡಿ. ಎಷ್ಟೋ ಎಂಜಿನ್‌ಗಳಲ್ಲಿ ಫ್ಯಾನ್‌ನ ನಾಲ್ಕು ಬೋಲ್ಟೇ ಪುಲಿಯನ್ನೂ ಹಿಡಿದಿರುತ್ತೆ. ಕ್ಲಚ್‌ನ ಫ್ಲೇಂಜ್ (ಬೋಲ್ಟ್ ಹಾಕುವ ಚಪ್ಪಟೆ ಅಂಚು) ದಪ್ಪ ಹೋದ ಮೇಲೆ ಅದೇ ಬೋಲ್ಟ್ ಹಾಕಿದರೆ ತುದಿ ಒಳಗೆ ಪಂಪ್ ಬಾಡಿಗೆ ತಾಗುತ್ತೆ, ಅಥವಾ ಪುಲಿ ಬಿಗಿಯಾಗದೆ ಅಲ್ಲಾಡುತ್ತೆ. ಹಳೇದಕ್ಕಿಂತ ಫ್ಲೇಂಜ್ ದಪ್ಪದಷ್ಟು ಗಿಡ್ಡ ಇರುವ ಬೋಲ್ಟ್, ಅದೇ ಗ್ರೇಡ್, ಸ್ಪ್ರಿಂಗ್ ವಾಶರ್ ಜೊತೆ. ದೊಡ್ಡ ಒಂಟಿ ನಟ್ ಇರುವ ಮಾದರಿಯಾದರೆ ಥ್ರೆಡ್ ಎಡವೋ ಬಲವೋ ನೋಡಿಕೊಂಡು ತಿರುಗಿಸಿ.

ಫ್ಯಾನ್‌ನ್ನು ರೇಡಿಯೇಟರ್ ಫಿನ್ ಮೂಲಕ ಪ್ಲಾಸ್ಟಿಕ್ ಕಡ್ಡಿ ಚುಚ್ಚಿ ಕಟ್ಟೋದು ಬೇಡ. ಕಂಪನಕ್ಕೆ ಉಜ್ಜಿ ಉಜ್ಜಿ ಟ್ಯೂಬ್ ತೂತಾಗುತ್ತೆ. 1.5 ಮಿಮೀ ಅಲ್ಯೂಮಿನಿಯಂ ಶೀಟಲ್ಲಿ ರೇಡಿಯೇಟರ್ ಕೋರ್ ಪೂರ್ತಿ ಮುಚ್ಚುವ ಶ್ರೌಡ್ (ಗಾಳಿಯನ್ನು ಫ್ಯಾನ್ ಕಡೆಗೇ ತರುವ ಹೊದಿಕೆ) ಮಾಡಿಸಿ, ಹಳೇ ಶ್ರೌಡಿನ ಬೋಲ್ಟ್ ಜಾಗಕ್ಕೇ ಕೂರಿಸಿ. ಫಿನ್‌ನಿಂದ ರೆಕ್ಕೆಗೆ ಎರಡು ಬೆರಳು ಅಂತರ ಇದ್ದರೆ ಗಾಳಿ ಮೂಲೆಯಿಂದಲೂ ಬರುತ್ತೆ. ಅಂಟಿಸಿ ಕೂರಿಸಿದರೆ ರೆಕ್ಕೆ ಎದುರಿನ ವೃತ್ತದಷ್ಟೇ ತಣ್ಣಗಾಗುತ್ತೆ, ಉಳಿದ ಕೋರ್ ದಂಡ. ಅಂಚಿಗೆ ಫೋಮ್ ಪಟ್ಟಿ. ಶ್ರೌಡಿನಲ್ಲಿ ಎರಡು ಮೂರು ಕಡೆ ಕಿಟಕಿ ಕೊಯ್ದು ಹಿಂದಿನಿಂದ ರಬ್ಬರ್ ನಾಲಿಗೆ ತೂಗುಹಾಕಿ. 70–80ರ ವೇಗದಲ್ಲಿ ಗಾಳಿ ಅದನ್ನು ತಳ್ಳಿಕೊಂಡು ಹೋಗುತ್ತೆ, ನಿಧಾನದಲ್ಲಿ ಅದು ಮುಚ್ಚಿಕೊಳ್ಳುತ್ತೆ. ಇದಿಲ್ಲದಿದ್ದರೆ ಫ್ಯಾನ್ ಆಫ್ ಇದ್ದಾಗ ಹೆದ್ದಾರಿಯಲ್ಲೇ ಬಿಸಿ ಏರೋದು ಶುರು.

ಎಂಜಿನ್ ಕಡೆಯಿಂದ ಎಳೆಯೋ ಫ್ಯಾನ್ ತಗೊಳ್ಳಿ. ಮುಂದಿನಿಂದ ತಳ್ಳೋದನ್ನು ವೈರ್ ಅದಲುಬದಲು ಮಾಡಿ ಓಡಿಸಿದರೆ ಗಾಳಿಯ ದಿಕ್ಕು ಬದಲಾಗುತ್ತೆ, ರೆಕ್ಕೆಯ ಬಾಗು ಉಲ್ಟಾ ಇರೋದರಿಂದ ಗಾಳಿ ಕಡಿಮೆ. ಕಾಗದದ ಹಾಳೆ ಗ್ರಿಲ್‌ಗೆ ಹಿಡಿದರೆ ಅಂಟಿಕೊಳ್ಳಬೇಕು.

ಆಂಪಿಯರ್_ಲೆಕ್ಕ

ಸೆನ್ಸರ್ ಜಾಗ ಉಳಿಯಿತು. ಕೂಲೆಂಟ್ ಬಿಸಿಯಾದಾಗ ರೇಡಿಯೇಟರ್‌ಗೆ ದಾರಿ ಬಿಡುವ ಥರ್ಮೋಸ್ಟಾಟ್ 82 ಡಿಗ್ರಿಗೆ ತೆರೆಯಲು ಶುರುವಾಗಿ 95ರ ಹತ್ತಿರ ಪೂರ್ತಿ ತೆರೆಯುತ್ತೆ ಅಂದುಕೊಳ್ಳಿ. ಎಂಜಿನ್‌ನಿಂದ ಬರುವ ಮೇಲಿನ ಪೈಪ್‌ನಲ್ಲಿ ಸ್ವಿಚ್ ಇಟ್ಟರೆ ಮೊದಲ ಫ್ಯಾನ್ 92ಕ್ಕೆ ಆನ್, 87ಕ್ಕೆ ಆಫ್. ಎರಡನೇದು 97ಕ್ಕೆ. ಆಫ್ ಆಗುವ ತಾಪ 82ಕ್ಕಿಂತ ಕೆಳಗೆ ಇಟ್ಟರೆ ಫ್ಯಾನ್ ನಿಲ್ಲೋದೇ ಇಲ್ಲ. ಕೆಳಗಿನ ಟ್ಯಾಂಕ್ ಕಡೆ ಇಟ್ಟರೆ ಕೂಲೆಂಟ್ ಆಗಲೇ ಆರೇಳು ಡಿಗ್ರಿ ಇಳಿದಿರುತ್ತೆ, ಅದೇ ಸ್ವಿಚ್ ಹಾಕಿದರೆ ಎಂಜಿನ್ 100 ಮುಟ್ಟಿದ ಮೇಲೆ ಫ್ಯಾನ್ ಎಚ್ಚರ ಆಗುತ್ತೆ. ಅಲ್ಲಿಗೆ 85–88ರದ್ದು ಬೇಕು. ಹೋಸ್ ಮತ್ತು ರೇಡಿಯೇಟರ್ ಮೂತಿ ನಡುವೆ ತೆಳು ಕಡ್ಡಿ ತೂರಿಸುವ ಥರದ್ದನ್ನು ತಪ್ಪಿಸಿ, ಅಲ್ಲೇ ಸೋರುತ್ತೆ. ಹೋಸ್ ಕತ್ತರಿಸಿ ಮಧ್ಯೆ ಹಾಕುವ ಅಲ್ಯೂಮಿನಿಯಂ ಅಡಾಪ್ಟರ್ ಸಿಗುತ್ತೆ. ಅದರ ಬಾಡಿಗೆ ಅರ್ತ್ ವೈರ್ ಕೊಡೋದು ಮರೆಯಬೇಡಿ, ಎರಡೂ ಕಡೆ ರಬ್ಬರ್ ಇರುತ್ತೆ.

ಎಸಿ ಕಂಪ್ರೆಸರ್ ಕ್ಲಚ್‌ಗೆ ಕರೆಂಟ್ ಬಂದಾಗ ಒಂದು ಫ್ಯಾನ್ ತಾನಾಗೇ ಓಡಬೇಕು. ಇಲ್ಲದಿದ್ದರೆ ನಿಂತಾಗ ಗ್ಯಾಸ್ ಪ್ರೆಶರ್ ಏರಿ ಎಸಿ ಕಟ್ ಆಗುತ್ತೆ.

ರಿಲೇ_ಬಾಕ್ಸ್

ನನ್ನ ಅಭಿಪ್ರಾಯ ಕೇಳಿದರೆ, ದಿನಾ ಒಂದು ಟನ್ ಹೊತ್ತು ಘಾಟಿ ಹತ್ತೋ ಗಾಡಿಗೆ ಹೊಸ ಕ್ಲಚ್ ಹಾಕಿ, ಕಂಡೆನ್ಸರ್ ಮುಂದೆ ಎಸಿಗೆ ಅಂತ ಒಂದು ಚಿಕ್ಕ ತಳ್ಳೋ ಫ್ಯಾನ್ ಸಾಕು. ಫ್ಯೂಸ್ ಹೋದರೂ ಬೆಲ್ಟ್ ಫ್ಯಾನ್ ತಿರುಗುತ್ತೆ. ಆದರೂ ಮಾಡೋದಾದರೆ ಮೊದಲ ವಾರ ಹಳೇ ಕ್ಲಚ್ ಬಿಸಾಡಬೇಡಿ. ಖಾಲಿ ಗಾಡಿಯಲ್ಲಿ ನಿಂತಲ್ಲೇ ಎಸಿ ಹಾಕಿ 20 ನಿಮಿಷ, ಆಮೇಲೆ ಅರ್ಧ ಲೋಡ್, ಆಮೇಲೆ ಪೂರ್ತಿ. ಪ್ರತಿ ಸಲ ಇಳಿದು ರಿಲೇ, ಫ್ಯೂಸ್ ಬುಡ, ಬ್ಯಾಟರಿ ಲಗ್ ಬೆರಳಿಂದ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಬೆರಳು ಇಡೋಕೆ ಆಗದಷ್ಟು ಸುಟ್ಟರೆ ಆ ಜೋಡಣೆ ಮತ್ತೆ ಮಾಡಿ, ಮೀನು ತುಂಬೋ ಮೊದಲು.