ಕೈಗೆ ಕೂರೋದು, ಕೈಗೆ ಒಗ್ಗೋದು: ಎರಡೂ ಒಂದೇನಾ?

ಎಲ್ಲರಿಗೂ ನಮಸ್ಕಾರ,

ಒಂದೇ ಒಂದು ಪದ ಕೇಳೋಣ ಅಂತ ಕೂತಿದ್ದು, ಬರೀತಾ ಹೋದ ಹಾಗೆ ನಾಲ್ಕೈದು ಸೇರ್ಕೊಂಡ್ವು. ಉದ್ದ ಆಗಿದೆ, ಬಿಡುವಾದಾಗ ಪೂರ್ತಿ ಓದಿ.

ಗೆಳೆಯನೊಬ್ಬ ಕನ್ನಡದಲ್ಲಿ ಗ್ಯಾಜೆಟ್ ವಿಡಿಯೋ ಮಾಡ್ತಾನೆ, ಅವನ ಸ್ಕ್ರಿಪ್ಟ್ ತಿದ್ದಿಕೊಡೋದು ನಾನು. ಈ ಸಲ ಅವನು ತಗೊಂಡಿರೋದು ಕೈಯಲ್ಲೇ ಹಿಡ್ಕೊಂಡು ಆಡೋ ಗೇಮಿಂಗ್ ಕಂಪ್ಯೂಟರ್‌ಗಳನ್ನ, ಅಂದ್ರೆ ಸ್ಟೀಮ್ ಡೆಕ್, ಆರ್‌ಒಜಿ ಅಲೈ, ಲೀಜನ್ ಗೋ ಥರದವು. ಅದರಲ್ಲಿ "ಈ ಸಾಧನದ ದಕ್ಷತಾಶಾಸ್ತ್ರ ಅತ್ಯುತ್ತಮವಾಗಿದೆ" ಅಂತ ಒಂದು ಸಾಲು ಬಂತು. ಎರ್ಗೊನಾಮಿಕ್ಸ್‌ಗೆ ನೆಟ್ಟಲ್ಲಿ ಸಾಮಾನ್ಯವಾಗಿ ಸಿಗೋದು ಇದೇ ಪದ. ನಾನು ಅದನ್ನ ಹೊಡೆದುಹಾಕ್ದೆ, ಆ ಜಾಗದಲ್ಲಿ ಏನು ಬರೀಬೇಕು ಅಂತ ಮೂರು ದಿನದಿಂದ ಯೋಚನೆ ಮಾಡ್ತಾ ಇದೀನಿ.

ದಕ್ಷತೆ ಅಂದಕೂಡ್ಲೇ ಕೇಳೋರಿಗೆ ಹೊಳೆಯೋದು ಮಷೀನು ಫಾಸ್ಟಾಗಿದೆ, ಬ್ಯಾಟರಿ ಕಮ್ಮಿ ತಿನ್ನತ್ತೆ, ಕೆಲಸ ಬೇಗ ಮುಗಿಸತ್ತೆ ಅನ್ನೋದು. ಮೂಲ ಪದವನ್ನ 1857ರಲ್ಲಿ ಪೋಲೆಂಡಿನ ಯಾಸ್ತ್‌ಶೆಂಬೊವ್‌ಸ್ಕಿ ಗ್ರೀಕಿನ ಎರ್ಗಾನ್, ನೊಮೋಸ್ ಎರಡನ್ನೂ ಸೇರಿಸಿ ಕಟ್ಟಿದ್ದು, ಕೆಲಸ ಮತ್ತು ಕಟ್ಟಳೆ ಅಂತ. ಅಲ್ಲೂ ಕೈ ಇಲ್ಲ ಮೈ ಇಲ್ಲ, ಒಪ್ತೀನಿ. ಆದ್ರೆ ಇವತ್ತು ಆ ಪದಕ್ಕೆ ನಿಂತಿರೋ ಅರ್ಥ ಏನಪ್ಪಾ ಅಂದ್ರೆ ವಸ್ತು ಮನುಷ್ಯನ ಮೈಗೆ ತಕ್ಕ ಹಾಗೆ ಇದೆಯೋ ಇಲ್ವೋ, ಅಷ್ಟೇ. ಇಷ್ಟು ಮೈಗೆ ಹತ್ತಿರದ ಮಾತಿಗೆ ಮನೆಯಲ್ಲಿ ಯಾರೂ ಆಡದ ಪದ ಯಾಕೆ ಬೇಕು?

ಹಾಗಾಗಿ "ಕೈಗೆ ಚೆನ್ನಾಗಿ ಒಗ್ಗತ್ತೆ" ಅಂತ ತಿದ್ದಿದೆ. ಕೇಳೋಕೆ ಇಂಪಾಗಿದೆ, ಎಲ್ಲರಿಗೂ ಅರ್ಥ ಆಗತ್ತೆ. ರಾತ್ರಿ ಮತ್ತೆ ಓದುವಾಗ ಮಾತ್ರ ಒಂದು ಅನುಮಾನ ಬಂತು, ನಿಮ್ಮ ಮುಂದೆ ಇಡೋದು ಮುಖ್ಯವಾಗಿ ಅದನ್ನೇ.

ಒಗ್ಗು ಅನ್ನೋದು ಎರಡು ಕಡೆ ನಡೆಯತ್ತೆ. "ಆ ಊರಿನ ನೀರು ನನಗೆ ಒಗ್ಗಲ್ಲ" ಅಂದ್ರೆ ತಪ್ಪು ನೀರಿಂದು, ನನ್ನ ಮೈಗೆ ಅದು ಆಗಲ್ಲ. "ಅವಳು ಗಂಡನ ಮನೆಗೆ ಒಗ್ಗಿಕೊಂಡ್ಳು" ಅಂದ್ರೆ ಮನೆ ಹೇಗಿತ್ತೋ ಹಾಗೇ ಇದೆ, ಬದಲಾಗಿದ್ದು ಅವಳು. "ಹೊಸ ಚಪ್ಪಲಿ ಒಂದು ವಾರ ಕಚ್ಚತ್ತೆ, ಆಮೇಲೆ ಒಗ್ಗತ್ತೆ" ಅನ್ನೋವಾಗ ಚರ್ಮ ಸ್ವಲ್ಪ ಬಗ್ಗಿರತ್ತೆ, ಕಾಲೂ ಸ್ವಲ್ಪ ಗಟ್ಟಿಯಾಗಿರತ್ತೆ, ಇಬ್ರೂ ಅರ್ಧರ್ಧ ದಾರಿ ಬಂದಿರ್ತಾರೆ. ಈ ಗೇಮಿಂಗ್ ಮಷೀನಿಂದು ಆ ಕಥೆ ಅಲ್ಲ. ಪ್ಲಾಸ್ಟಿಕ್ಕು ಬಗ್ಗಲ್ಲ. ಆರು ತಿಂಗಳಾದ್ರೂ ಅದರ ಅಂಚು ಅಲ್ಲೇ, ತೂಕ ಅಷ್ಟೇ. ಹಾಗಾದ್ರೆ "ಎರಡು ವಾರದಲ್ಲಿ ಕೈಗೆ ಒಗ್ಗಿಹೋಗತ್ತೆ" ಅಂತ ರಿವ್ಯೂದಲ್ಲಿ ಹೇಳಿದ್ರೆ ಅದು ಹೊಗಳಿಕೆಯಾ? ನನಗೆ ಈಗ ಅದು ದೂರಿನ ಥರ ಕೇಳತ್ತೆ, ಕೈ ಒಂದೇ ಪೂರ್ತಿ ದಾರಿ ನಡೆದುಕೊಂಡು ಬಂತು ಅಂತ.

ಇದು ಬರೀ ಪದದ ಸೂಕ್ಷ್ಮ ಅಲ್ಲ, ತೂಕ ನೋಡಿದ್ರೆ ಗೊತ್ತಾಗತ್ತೆ. 2017ರ ನಿಂಟೆಂಡೊ ಸ್ವಿಚ್ ಎರಡೂ ಕಡೆಯ ಕಂಟ್ರೋಲರ್ ಸೇರಿ ಸುಮಾರು 400 ಗ್ರಾಂ ಇತ್ತು. 2022ರಲ್ಲಿ ಬಂದ ಮೊದಲ ಸ್ಟೀಮ್ ಡೆಕ್ 669 ಗ್ರಾಂ, ಮಾರನೇ ವರ್ಷದ ಓಎಲ್‌ಇಡಿ ಸ್ಕ್ರೀನಿನ ಡೆಕ್ 640. ಅಲೈ 608. ಲೀಜನ್ ಗೋದು 8.8 ಇಂಚಿನ ದೊಡ್ಡ ಸ್ಕ್ರೀನು, ಕಂಟ್ರೋಲರ್ ಸಮೇತ 854 ಗ್ರಾಂ, ಅಂದ್ರೆ ಮುಕ್ಕಾಲು ಕೆಜಿಗಿಂತ ಜಾಸ್ತಿ. ಮುಕ್ಕಾಲು ಕೆಜಿ ಈರುಳ್ಳಿಯನ್ನ ಮೊಣಕೈ ಮಡಚಿ ಎದೆ ಮಟ್ಟದಲ್ಲಿ ಎರಡು ಗಂಟೆ ಹಿಡ್ಕೊಂಡು ಕೂತ ಹಾಗೆ ಲೆಕ್ಕ. ಅದೂ ಐದು ಬೆರಳಿಂದ ಹಿಡಿಯೋ ಹಾಗಿಲ್ಲ, ಹೆಬ್ಬೆರಳು ಮೇಲೆ ಆಡ್ತಾ ಇರತ್ತೆ, ತೋರುಬೆರಳು ಮೇಲಂಚಿನ ಗುಂಡಿಗಳ ಮೇಲೆ ಕೆಲಸದಲ್ಲಿರತ್ತೆ, ಪೂರ್ತಿ ಭಾರ ಹೊರೋದು ಹಿಂದೆ ಇರೋ ಮೂರು ಬೆರಳು ಮತ್ತೆ ಅಂಗೈ. ಹಂಗಾಗಿ ಹಿಂಭಾಗದ ಉಬ್ಬು ಎಲ್ಲಿ ಬರತ್ತೆ, ಎಷ್ಟು ದಪ್ಪ ಇರತ್ತೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಡೆಕ್ಕಿಂದು ಉಬ್ಬಿನ ಕಡೆ ಹತ್ತಿರ ಹತ್ತಿರ ಐದು ಸೆಂಟಿಮೀಟರ್ ದಪ್ಪ, ಫೋಟೋದಲ್ಲಿ ನೋಡಿ ದಡೂತಿ ಅಂತ ಬಹಳ ಜನ ಮೂಗು ಮುರಿದ್ರು, ಆದ್ರೆ ತೆಳ್ಳಗಿದ್ದು ಚಪ್ಪಟೆಯಾಗಿರೋ ಹಗುರದ ಮಷೀನಿಗಿಂತ ದಪ್ಪ ಉಬ್ಬಿರೋ ಭಾರದ ಮಷೀನು ಎಷ್ಟೋ ಸಲ ಕೈಗೆ ಸುಖ ಅನ್ನೋದು ನನ್ನ ಅನುಭವ.

ಸರಿಯಾದ ಪದ ಸಿಕ್ಕಿದ್ದು ಊರಲ್ಲಿ. ತೀರ್ಥಹಳ್ಳಿ ಕಡೆ ನಮ್ಮ ದೊಡ್ಡಪ್ಪ ಇದ್ದಾರೆ, ಎಪ್ಪತ್ತು ದಾಟಿದೆ, ಕೊಡಲಿಗೆ ಗುದ್ದಲಿಗೆ ಕಾವು ಕೂರಿಸೋದ್ರಲ್ಲಿ ಅಕ್ಕಪಕ್ಕದವರೆಲ್ಲ ಅವರ ಹತ್ರಾನೇ ಬರೋದು. ಹೋದ ತಿಂಗಳು ಹೋದಾಗ ಜಗಲಿ ಮೇಲೆ ಕೂತು ಆಡ್ತಾ ಇದ್ದೆ, "ಏನೋ ಅದು, ಇಲ್ಲಿ ಕೊಡು" ಅಂದ್ರು. ಕೊಟ್ಟೆ. ಅವರು ಸ್ಕ್ರೀನ್ ಕಡೆ ನೋಡ್ಲೇ ಇಲ್ಲ. ಎರಡೂ ಕೈಯಲ್ಲಿ ತಗೊಂಡು ಕಣ್ಣು ಮುಚ್ಚಿ ಒಂದ್ಸಲ ಮೇಲೆ ಕೆಳಗೆ ತೂಗಿ ನೋಡಿದ್ರು, ಬೆರಳುಗಳನ್ನ ಒಂದೊಂದಾಗಿ ಬಿಟ್ಟು ಮತ್ತೆ ಒಂದೊಂದಾಗಿ ಮಡಚಿದ್ರು, ಆಮೇಲೆ "ಕಿರುಬೆರಳಿಗೆ ಜಾಗ ಎಲ್ಲಿದ್ಯೋ ಮಾರಾಯ, ಹೊರಗೇ ಉಳೀತಲ್ಲ ಅದು. ಇದು ಕೈಗೆ ಕೂತಿಲ್ಲ" ಅಂದ್ರು.

ಕೂತಿಲ್ಲ! ಬಳೆ ಕೈಗೆ ಕೂರತ್ತೆ, ರವಿಕೆ ಕೂರತ್ತೆ, ಬಾಗಿಲು ಚೌಕಟ್ಟಿಗೆ ಕೂರತ್ತೆ, ಕಾವು ಕೊಡಲಿಗೆ ಕೂರತ್ತೆ. ಇಲ್ಲೆಲ್ಲ ಸರಿಯಿರಬೇಕಾಗಿರೋದು ವಸ್ತು, ಕೈಯಲ್ಲ. ಕೂರದಿದ್ರೆ ತಿದ್ದಬೇಕಾಗಿರೋದೂ ವಸ್ತುವನ್ನೇ, ಕೂರಿಸೋನ ಜವಾಬ್ದಾರಿ ಅದು. ಎರ್ಗೊನಾಮಿಕ್ಸ್ ಹೇಳೋ ಮಾತೂ ಇದೇ ಅಲ್ವಾ? ದೊಡ್ಡಪ್ಪ ಮುಂದುವರಿಸಿ ಹೇಳಿದ್ದು ಇನ್ನೂ ಸ್ವಾರಸ್ಯವಾಗಿತ್ತು. ಕಾವು ಪೂರ್ತಿ ದುಂಡಗಿರಬಾರದಂತೆ, ದುಂಡಗಿದ್ರೆ ಕೈಯಲ್ಲಿ ತಿರುಗಿಬಿಡತ್ತೆ, ಅದಕ್ಕೆ ಮೊಟ್ಟೆಯ ಹಾಗೆ ಒಂದು ಕಡೆ ಉದ್ದ ಇರಬೇಕು, ಆಗ ಕತ್ತಲಲ್ಲಿ ಹಿಡಿದ್ರೂ ಕೊಡಲಿ ಬಾಯಿ ಯಾವ ಕಡೆ ಇದೆ ಅಂತ ಕೈಗೇ ತಿಳಿಯತ್ತೆ. ತುದಿಯಲ್ಲಿ ಸ್ವಲ್ಪ ಅಗಲ ಬಿಡಬೇಕು, ಬೀಸುವಾಗ ಜಾರಿದ್ರೆ ಕಿರುಬೆರಳು ಅಲ್ಲಿ ತಡೀಬೇಕು. ಕಡೆಗೆ ಗಾಜಿನ ಚೂರಲ್ಲಿ ಹೆರೆದು ನಯ ಮಾಡೋದು, ಆದ್ರೆ ತೀರಾ ನಯ ಅಲ್ಲ.

ನೋಡದೇನೇ ಕೈಗೆ ತಿಳಿಯೋದು ಅಂದಾಗ ನನಗೆ ನೆನಪಾಗಿದ್ದು ಡಿ-ಪ್ಯಾಡು. 1982ರಲ್ಲಿ ನಿಂಟೆಂಡೊದ ಗುನ್‌ಪೆ ಯೊಕೊಯ್ ತಮ್ಮ ಪುಟ್ಟ ಗೇಮ್ ಆಂಡ್ ವಾಚ್ ಮಷೀನಿನಲ್ಲಿ ತಂದ ಪ್ಲಸ್ ಆಕಾರದ ಗುಂಡಿ ಅದು, ಹೆಬ್ಬೆರಳು ಎತ್ತೋದು ಬೇಡ, ಕೆಳಗೆ ನೋಡೋದು ಬೇಡ, ನಾಲ್ಕು ದಿಕ್ಕೂ ಬೆರಳಿಗೇ ಗೊತ್ತಾಗತ್ತೆ. ನಮ್ಮ ದೊಡ್ಡಪ್ಪನ ಮೊಟ್ಟೆಯಾಕಾರದ ಕಾವು, ಯೊಕೊಯ್ ಅವರ ಪ್ಲಸ್ ಗುಂಡಿ ಎರಡರ ಹಿಂದೆ ಇರೋ ಯೋಚನೆ ಒಂದೇ. ನಾವು ಚಿಕ್ಕವರಿದ್ದಾಗ ಟೀವಿಗೆ ಹಾಕಿ ಆಡ್ತಿದ್ದ ರಿಮೋಟಲ್ಲೂ ಇದನ್ನ ಪ್ಲಸ್ ಬಟನ್ ಅಂತಲೇ ಅಂತಿದ್ವಿ, ಸ್ಕ್ರಿಪ್ಟಲ್ಲೂ ಹಾಗೇ ಬಿಟ್ಟಿದೀನಿ.

ಹಾಗಾಗಿ ಈಗ ನಾನು ಮಾಡ್ಕೊಂಡಿರೋ ವ್ಯತ್ಯಾಸ ಇದು. ಅಂಗಡಿಯಲ್ಲಿ ಎತ್ತಿಕೊಂಡ ಕೂಡ್ಲೇ ಬೆರಳುಗಳಿಗೆ ಅವುಗಳ ಜಾಗ ಸಿಕ್ಕಿದ್ರೆ "ಕೈಗೆ ಕೂರತ್ತೆ". ದಿನಗಟ್ಟಲೆ ಆಡಿ ಅಭ್ಯಾಸ ಆದ್ರೆ "ಕೈ ಒಗ್ಗತ್ತೆ", ಗಮನಿಸಿ, ಕೈಗೆ ಅಲ್ಲ, ಕೈ. ಡೆಕ್ಕಿನ ಎರಡು ಟ್ರ್ಯಾಕ್‌ಪ್ಯಾಡ್ ಇವೆಯಲ್ಲ, ಮೌಸಿನ ಬದಲಿಗೆ ಇರೋವು, ಅವು ಎರಡನೇ ಜಾತಿಯವು, ಮೊದಲ ದಿನ ಯಾರಿಗೂ ಬರಲ್ಲ, ಆದ್ರೆ ಅಭ್ಯಾಸ ಆದ್ರೆ ಬಹಳ ಉಪಯೋಗ. ಅಲ್ಲಿ ಒಗ್ಗು ಸರಿಯಾದ ಪದ, ಕಲಿಯೋದಿದೆ. ಅಂಗೈಗೆ ಅಂಚು ಒತ್ತೋದನ್ನ ಮಾತ್ರ ಒಗ್ಗತ್ತೆ ಅಂತ ಬರೀಬಾರದು. ಈ ಭೇದ ನಿಮ್ಮ ಕಡೆಯ ಮಾತಲ್ಲೂ ಇದೆಯಾ? ಉತ್ತರ ಕರ್ನಾಟಕದವರು, ಮಂಗಳೂರು ಕುಂದಾಪುರದ ಕಡೆಯವರು ಕೂರೋದು ಅನ್ನೋದನ್ನ ಈ ಅರ್ಥದಲ್ಲಿ ಬಳಸ್ತೀರಾ, ಇಲ್ಲಾ ಬೇರೆ ಪದ ಇದೆಯಾ ಹೇಳಿ.

ಇನ್ನು ಗ್ರಿಪ್. ಇದಕ್ಕೆ ಒಂದೇ ಪದ ಸಾಲಲ್ಲ, ಅದಂತೂ ಖಚಿತ. ಸ್ಕ್ರಿಪ್ಟಲ್ಲಿ ಒಂದೇ ಪ್ಯಾರಾದಲ್ಲಿ ಮೂರು ಅರ್ಥದಲ್ಲಿ ಬಂದಿತ್ತು. ಹಿಡಿಯೋ ಭಾಗ ಒಂದು, ಹಿಡಿಯೋ ರೀತಿ ಇನ್ನೊಂದು, ಜಾರದೇ ಇರೋ ಗುಣ ಮತ್ತೊಂದು. ಭಾಗಕ್ಕೆ ನಮ್ಮಲ್ಲಿ ಹಿಡಿ ಇದೆ, ಹಿಡಿಕೆ ಇದೆ, ಕಾವು ಇದೆ. ಕಾವು ಅಂದ್ರೆ ಉದ್ದನೆಯ ಮರದ್ದು, ಗಾದೆಯಲ್ಲೂ ಕೊಡಲಿ ಕಾವು ಅಂತಾನೇ ಬರತ್ತೆ, ಮಷೀನಿಗೆ ಅದು ಹೊಂದಲ್ಲ. ಹಿಡಿ ಅಂದ್ರೆ ಕತ್ತಿಗೆ, ಚೂರಿಗೆ ಇರೋ ಥರದ ಗಿಡ್ಡನೆಯದು, ಮುಷ್ಟಿಯೊಳಗೆ ಮುಗಿಯೋದು. ಹಿಡಿಕೆ ಅಂದ್ರೆ ನನ್ನ ಕಿವಿಗೆ ಬಾಗಿಲಿಂದೋ ಬಕೆಟ್ಟಿಂದೋ ಅನ್ಸತ್ತೆ. ಡೆಕ್ಕಿನ ಎರಡು ಕಡೆ ಇರೋ ಉಬ್ಬನ್ನ ನಾನು ಹಿಡಿ ಅಂದಿದೀನಿ, "ಎಡ ಹಿಡಿ, ಬಲ ಹಿಡಿ". ಲೀಜನ್ ಗೋದಲ್ಲಿ ಎರಡೂ ಹಿಡಿಗಳನ್ನ ಕಳಚಬಹುದು, ಬಲಗಡೆಯದನ್ನ ನೆಟ್ಟಗೆ ನಿಲ್ಲಿಸಿ ಮೌಸ್ ಥರ ಮೇಜಿನ ಮೇಲೆ ಓಡಿಸಬಹುದು, ಈ ವಾಕ್ಯದಲ್ಲಿ ಹಿಡಿ ಚೆನ್ನಾಗೇ ಕೂತಿದೆ.

ಹಿಡಿಯೋ ರೀತಿಗೆ ಹಿಡಿತ ಅಂತ ಬರೆದ್ರೆ ಕಷ್ಟ, ಯಾಕಂದ್ರೆ ಹಿಡಿತ ಈಗ ಪೂರ್ತಿ ಅಧಿಕಾರದ ಕಡೆ ಹೋಗ್ಬಿಟ್ಟಿದೆ, "ಆಟದ ಮೇಲೆ ಹಿಡಿತ ಸಾಧಿಸಿದರು" ಅಂತ ಪೇಪರಲ್ಲಿ ಓದಿ ಓದಿ. ಅದಕ್ಕೆ ನಾನು ಪದ ಬಿಟ್ಟು ಕ್ರಿಯೆಯನ್ನೇ ಇಟ್ಟೆ, "ಹೀಗೆ ಹಿಡಿದ್ರೆ", "ಸಡಿಲವಾಗಿ ಹಿಡಿದ್ರೆ". ಮೂರನೇ ಅರ್ಥಕ್ಕೆ ರವೆ ರುಬ್ಬೋವಾಗ ಹೇಳೋ ತರಿತರಿ ಬಳಸಿದೆ, "ಹಿಂಭಾಗ ತರಿತರಿಯಾಗಿದೆ, ಬೆವರಿದ್ರೂ ಜಾರಲ್ಲ". ಒರಟು ಅಂದ್ರೆ ಬೈದ ಹಾಗಾಗತ್ತೆ.

ಮೇಲಂಚಲ್ಲಿ ತೋರುಬೆರಳಿಂದ ಎಳೆಯೋ ಗುಂಡಿ, ಅಂದ್ರೆ ಟ್ರಿಗ್ಗರ್‌ಗೆ ಒಂದು ಹಳೇ ಪದ ಇದೆ, ನಮ್ಮ ಮಲೆನಾಡಲ್ಲಿ ಕೋವಿಯ ಕುದುರೆ ಅಂತಾರೆ, ಕುದುರೆ ಎಳೆದ ಅಂದ್ರೆ ಗುಂಡು ಹಾರಿಸಿದ ಅಂತ. ನನಗೆ ಬಹಳ ಇಷ್ಟ ಈ ಪದ. ಆದ್ರೆ ಕೋವಿ ಇರೋ ಮನೆಯವರನ್ನ ಕೇಳಬೇಕು, ಕುದುರೆ ಅಂದ್ರೆ ಬೆರಳಲ್ಲಿ ಎಳೆಯೋ ನಾಲಿಗೆಯಂಥ ಭಾಗವಾ, ಅಥವಾ ಮೇಲಿಂದ ಬಂದು ಕುಟ್ಟೋ ಭಾಗವಾ? ನಮ್ಮನೆಯಲ್ಲೇ ಇಬ್ಬರು ಎರಡು ಥರ ಹೇಳ್ತಾರೆ. ಕೊಡಗಿನವರು ಯಾರಾದ್ರೂ ಇದ್ರೆ ದಯವಿಟ್ಟು ತಿಳಿಸಿ.

ಸ್ಟಿಕ್ ಡ್ರಿಫ್ಟ್‌ಗೆ ಮಾತ್ರ ನನಗೆ ಅನುಮಾನ ಇಲ್ಲ. ಸ್ಟಿಕ್ ಅಂದ್ರೆ ಹೆಬ್ಬೆರಳಲ್ಲಿ ತಳ್ಳಿ ಆಡೋ ಪುಟ್ಟ ಕಡ್ಡಿ, ಅದರ ಮೇಲೆ ಬೆರಳು ಇಡದೇನೇ ಆಟದಲ್ಲಿರೋನು ತಾನಾಗೇ ಎಡಕ್ಕೆ ನಡೀತಾ ಹೋಗ್ತಾನಲ್ಲ, ಅದು. ಸ್ಕ್ರಿಪ್ಟಲ್ಲಿ "ದಿಕ್ಚ್ಯುತಿ" ಅಂತಿತ್ತು. ಬೈಕ್ ಮೆಕ್ಯಾನಿಕ್ ಹತ್ರ ಹೋಗಿ ನಾವು ಏನಂತೀವಿ? "ಅಣ್ಣ, ಗಾಡಿ ಎಡಕ್ಕೆ ಎಳೀತಿದೆ." ಇದೂ ಅದೇ, ಸ್ಟಿಕ್ ಎಳೀತಿದೆ. ಒಳಗಡೆ ಕಾರ್ಬನ್ ಪಟ್ಟಿ ಮೇಲೆ ಒಂದು ಸಣ್ಣ ಲೋಹದ ನಾಲಿಗೆ ಉಜ್ಜುತಾ ಇರತ್ತೆ, ಸವೆದು ಸವೆದು ನಡು ಎಲ್ಲಿ ಅನ್ನೋದೇ ಅದಕ್ಕೆ ತಪ್ಪಿಹೋಗತ್ತೆ. ಹಾಲ್ ಎಫೆಕ್ಟ್ ಸ್ಟಿಕ್ಕಲ್ಲಿ ಉಜ್ಜೋದೇ ಇಲ್ಲ, ಅಯಸ್ಕಾಂತ ಎಷ್ಟು ಸರಿದಿದೆ ಅಂತ ಮುಟ್ಟದೇ ಅಳೆಯತ್ತೆ, ಅದಕ್ಕೇ ಸವೆತ ಕಮ್ಮಿ. ಎಳೆತ, ಸವೆತ, ಎರಡೂ ಪಕ್ಕಪಕ್ಕ ಇಟ್ರೆ ಕಾರಣ ಮತ್ತೆ ಫಲ ಒಂದೇ ಉಸಿರಲ್ಲಿ ಬರತ್ತೆ.

ಕೊನೆಯದು ನೋವಿನ ಪದಗಳು, ಇದು ನನಗೆ ಸ್ವಂತಕ್ಕೆ ಸಂಬಂಧಪಟ್ಟಿದ್ದು. ಮಲಗಿಕೊಂಡು ಮೊಣಕೈ ಪೂರ್ತಿ ಮಡಚಿ ಒಂದೂವರೆ ಗಂಟೆ ಆಡಿದ ಮೇಲೆ ನನ್ನ ಕಿರುಬೆರಳು ಮತ್ತೆ ಉಂಗುರಬೆರಳಿನ ಅರ್ಧ ಭಾಗ ಇದೆಯೋ ಇಲ್ವೋ ಅನ್ನೋ ಹಾಗೆ ಆಗ್ತಿತ್ತು. ಡಾಕ್ಟ್ರು ಹೇಳಿದ್ದು, ಮೊಣಕೈ ಒಳಬದಿಯಲ್ಲಿ ಹಾದುಹೋಗೋ ನರ ಬಹಳ ಹೊತ್ತು ಮಡಚಿದ್ರೆ ಒತ್ತಿಕೊಳ್ಳತ್ತೆ, ಆ ಎರಡು ಬೆರಳಿಗೆ ಹೋಗೋದು ಅದೇ ನರ ಅಂತ. ಈಗ ತೊಡೆ ಮೇಲೆ ದಿಂಬು ಇಟ್ಟು ಅದರ ಮೇಲೆ ಕೈ ಊರಿ ಆಡ್ತೀನಿ, ಹುಷಾರಾಗಿದೆ. ಡಾಕ್ಟ್ರಿಗೆ ನಾನು "ಜೋಮು ಹಿಡಿಯತ್ತೆ" ಅಂದೆ, ಅಮ್ಮ ಪಕ್ಕದಲ್ಲಿದ್ದವರು "ಜೋಮಲ್ಲ, ಮರಗಟ್ಟೋದು" ಅಂದ್ರು. ಅವರ ಪ್ರಕಾರ ಜೋಮು ಅಂದ್ರೆ ಇರುವೆ ಹರಿದ ಹಾಗೆ ಜುಮುಜುಮು ಅನ್ನೋದು, ಮರಗಟ್ಟೋದು ಅಂದ್ರೆ ಚಿವುಟಿದ್ರೂ ಗೊತ್ತಾಗದೇ ಇರೋದು. ನಾನು ಇಷ್ಟು ವರ್ಷ ಎರಡಕ್ಕೂ ಜೋಮು ಅಂತಾನೇ ಅಂತಿದ್ದೆ. ವಿಡಿಯೋ ನೋಡೋ ಹುಡುಗರಿಗೆ ಯಾವಾಗ ಆಟ ನಿಲ್ಲಿಸಬೇಕು ಅಂತ ಹೇಳೋ ಸಾಲು ಇದು, ಜೋಮು ಬಂದ ಕೂಡ್ಲೇ ನಿಲ್ಸಿ, ಮರಗಟ್ಟೋವರೆಗೆ ಕಾಯಬೇಡಿ ಅಂತ ಬರೀಬೇಕು ಅಂತಿದೀನಿ. ಅಮ್ಮ ಹೇಳಿದ ಈ ವ್ಯತ್ಯಾಸ ಎಲ್ಲ ಕಡೆ ಇದೆಯಾ, ಇಲ್ಲಾ ನಮ್ಮ ಕಡೆ ಮಾತ್ರನಾ? ಶುಕ್ರವಾರ ರೆಕಾರ್ಡಿಂಗ್ ಇದೆ, ಉಳಿದಿದ್ದಕ್ಕೆ ನಿಧಾನವಾಗಿ ಉತ್ತರ ಬರೆದ್ರೂ ಸರಿ, ಇದೊಂದಕ್ಕೆ ಮಾತ್ರ ಅಷ್ಟರೊಳಗೆ ಬರೆದ್ರೆ ಉಪಕಾರ ಆಗತ್ತೆ.