ಅವ್ವನ ವೀಲ್‌ಚೇರ್‌ಗಾಗಿ ಬಚ್ಚಲು ಒಡೆಸುತ್ತಿದ್ದೇವೆ, ಈ ಖರ್ಚನ್ನು ತೆರಿಗೆಯಲ್ಲಿ ತೋರಿಸಬಹುದಾ?

ಮಾಳಮಡ್ಡಿ ಧಾರವಾಡ:

ಅವ್ವನಿಗೆ 71 ವರ್ಷ. ಲಕ್ವಾ ಹೊಡೆದು ಎಡಗಡೆ ಕೈಕಾಲು ಬಿದ್ದುಹೋಗಿವೆ, ಎಲ್ಲದಕ್ಕೂ ವೀಲ್‌ಚೇರೇ. ನಮ್ಮದು ಹಳೇ ಮನೆ. ಒಂದೊಂದು ಕೋಣೆಗೂ ಎತ್ತರದ ಹೊಸ್ತಿಲು, ಬಚ್ಚಲ ಬಾಗಿಲು ಬರೀ ಎರಡಡಿ, ಒಳಗೆ ಜಾರುವ ಫರಸಿ. ಬಾಗಿಲು ಅಗಲ ಮಾಡಿ, ಹೊಸ್ತಿಲು ತೆಗೆದು, ಕಮೋಡ್ ಕೂಡಿಸಿ, ಗೋಡೆಗೆ ಹಿಡಿಕೆ ಹಾಕಿ, ಮುಂದಿನ ಮೆಟ್ಟಿಲಿಗೆ ರಾಂಪ್ ಕಟ್ಟಲು ಗೌಂಡಿಯವರು ಎರಡೂವರೆ ಲಕ್ಷ ಹೇಳಿದ್ದಾರೆ. ಅರ್ಧ ದುಡ್ಡು ಅಮೆರಿಕದಲ್ಲಿರುವ ಅಣ್ಣ ಕಳಿಸುತ್ತಾನೆ. ಅಲ್ಲಿ ಇಂಥದ್ದನ್ನು ವೈದ್ಯಕೀಯ ಖರ್ಚು ಅಂತ ತೆರಿಗೆಯಲ್ಲಿ ಕಳೆಯುತ್ತಾರಂತೆ. ಇಲ್ಲಿಯೂ ಹಾಗೆ ಇದೆಯಾ? ನನ್ನ ಸಂಬಳ ವರ್ಷಕ್ಕೆ 14 ಲಕ್ಷ. ಮನೆ ಅವ್ವನ ಹೆಸರಲ್ಲಿದೆ, ಮನೆ ಸಾಲ ಇಲ್ಲ, ಅವ್ವನಿಗೆ ವಿಮೆಯೂ ಇಲ್ಲ.

ವಿದ್ಯಾನಗರ ಹುಬ್ಬಳ್ಳಿ:

ಅಕ್ಕಾರೆ, ನಾನು ರಿಟರ್ನ್ ತುಂಬುವ ಕೆಲಸ ಮಾಡುತ್ತೇನೆ, ನೇರವಾಗಿ ಹೇಳುತ್ತೇನೆ. ಬಚ್ಚಲು ಒಡೆಸಿದ್ದು, ರಾಂಪ್ ಕಟ್ಟಿದ್ದು ಅಂತ ಕಳೆಯುವ ಸೆಕ್ಷನ್ ನಮ್ಮಲ್ಲಿ ಇಲ್ಲ. ಆದರೆ 2025-26ರ ಆದಾಯಕ್ಕೆ 80ಡಿಡಿ ಅನ್ನುವ ಸೆಕ್ಷನ್ ಇದೆ. ನಿಮ್ಮನ್ನೇ ನೆಚ್ಚಿಕೊಂಡಿರುವ ತಾಯಿಗೆ 40% ಅಥವಾ ಜಾಸ್ತಿ ಅಂಗವೈಕಲ್ಯ ಇದೆ ಅಂತ ಸರ್ಟಿಫಿಕೇಟ್ ಇದ್ದರೆ ನಿಮ್ಮ ಆದಾಯದಲ್ಲಿ 75,000 ರೂಪಾಯಿ ಕಳೆಯಬಹುದು, 80% ಅಥವಾ ಜಾಸ್ತಿ ಇದ್ದರೆ 1,25,000. ಅವರ ಚಿಕಿತ್ಸೆಗೆ, ಆರೈಕೆಗೆ ನೀವು ಖರ್ಚು ಮಾಡುತ್ತಿರಬೇಕು, ಅಷ್ಟೇ. ಎಷ್ಟೇ ಖರ್ಚಾದರೂ ಸಿಗುವುದು ಅಷ್ಟೇ ಮೊತ್ತ. ಅಂದರೆ ಇಲ್ಲಿ ಗೌಂಡಿಯ ಬಿಲ್ ಅಲ್ಲ, ಸರ್ಟಿಫಿಕೇಟ್ ಮುಖ್ಯ.

ಇನ್ನೊಂದು 80ಡಿ. 60 ದಾಟಿದ ತಂದೆ ತಾಯಿಗೆ ವಿಮೆ ಇಲ್ಲದಿದ್ದರೆ ಔಷಧ, ಫಿಸಿಯೋಥೆರಪಿಯಂಥ ಖರ್ಚು 50,000 ವರೆಗೆ ಕಳೆಯಬಹುದು. ನಗದು ಕೊಟ್ಟರೆ ನಡೆಯುವುದಿಲ್ಲ, ಯುಪಿಐ ಅಥವಾ ಚೆಕ್ ಆಗಿರಬೇಕು.

ಈಗ ತೊಡಕಿನ ಮಾತು. ತೆರಿಗೆ ಲೆಕ್ಕಕ್ಕೆ ಹಳೇದು, ಹೊಸದು ಅಂತ ಎರಡು ಪದ್ಧತಿ ಇವೆ, ಒಂದನ್ನು ನಾವೇ ಆರಿಸಿಕೊಳ್ಳಬೇಕು. ಇವೆರಡು ಕಡಿತ ಸಿಗುವುದು ಹಳೇ ಪದ್ಧತಿಯಲ್ಲಿ ಮಾತ್ರ. 2025-26ರ ದರದಲ್ಲಿ ನಿಮ್ಮ ಲೆಕ್ಕ ಹಾಕಿ ನೋಡಿದೆ. ಹೊಸ ಪದ್ಧತಿಯಲ್ಲಿ 75,000 ಸ್ಟ್ಯಾಂಡರ್ಡ್ ಡಿಡಕ್ಷನ್ (ಖರ್ಚು ತೋರಿಸದೆಯೇ ಸಿಗುವ ಕಡಿತ) ಹೋಗಿ, ಸೆಸ್ ಸೇರಿ 81,900 ತೆರಿಗೆ ಬರುತ್ತದೆ. ಹಳೇದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ಪಿಎಫ್ ಎಲ್ಐಸಿಯಂಥ ಉಳಿತಾಯಕ್ಕೆ ಸಿಗುವ 80ಸಿ ಪೂರ್ತಿ ಒಂದೂವರೆ ಲಕ್ಷ, 80ಡಿಡಿಯ ದೊಡ್ಡ ಮೊತ್ತ, 80ಡಿ ಪೂರ್ತಿ, ಎಲ್ಲ ಕಳೆದರೂ 1,24,800! ಮನೆ ಸಾಲದ ಬಡ್ಡಿ ಎರಡು ಲಕ್ಷ ಇದ್ದಿದ್ದರೆ ಹಳೇದು 80,600ಕ್ಕೆ ಇಳಿದು ಎರಡೂ ಹತ್ತಿರ ಹತ್ತಿರ ಆಗುತ್ತಿದ್ದವು. ಸಾಲ ಇಲ್ಲದ ನೀವು ಸುಮ್ನೆ 80ಡಿಡಿ ನಂಬಿಕೊಂಡು ಹಳೇದಕ್ಕೆ ಹೋಗಬೇಡಿ.

ಅಣ್ಣ ಕಳಿಸುವ ದುಡ್ಡಿನ ಬಗ್ಗೆ ಚಿಂತೆ ಬೇಡ. ಅಣ್ಣ ತಂಗಿಗೆ ಅಥವಾ ಮಗ ತಾಯಿಗೆ ಕೊಟ್ಟ ಉಡುಗೊರೆಗೆ ಇಲ್ಲಿ ತೆರಿಗೆ ಇಲ್ಲ. ಬ್ಯಾಂಕ್ ಮೂಲಕವೇ ಬರಲಿ. ಕಾಯಂ ಕಟ್ಟಿದ ಕೆಲಸದ ಬಿಲ್ ಇಟ್ಟುಕೊಳ್ಳಿ, ಮುಂದೆ ಎಂದಾದರೂ ಮನೆ ಮಾರಿದರೆ ಮನೆ ಸುಧಾರಣೆ ಖರ್ಚು ಅಂತ ಲಾಭದಲ್ಲಿ ಕಳೆಯಬಹುದು. ಬಣ್ಣ ಹಚ್ಚಿದ್ದೆಲ್ಲ ಅದರಲ್ಲಿ ಬರುವುದಿಲ್ಲ.

ಗದಗಿನವ, ಈಗ ಡಲ್ಲಾಸ್:

ನಿಮ್ಮ ಅಣ್ಣ ಹೇಳಿದ್ದು ನಿಜ, ಆದರೆ ಅವರಿಗೆ ಈ ಖರ್ಚಿನಲ್ಲಿ ಉಪಯೋಗ ಆಗುವುದಿಲ್ಲ. ಇಲ್ಲಿ ತಮ್ಮ ಸ್ವಂತದ್ದು, ಹೆಂಡತಿ ಅಥವಾ ಗಂಡನದ್ದು, ಅವಲಂಬಿತರದ್ದು, ಈ ವೈದ್ಯಕೀಯ ಖರ್ಚು ಮಾತ್ರ ತೋರಿಸಬಹುದು. ಅವಲಂಬಿತರು ಅಮೆರಿಕದ ಪ್ರಜೆ ಆಗಿರಬೇಕು, ಇಲ್ಲವೇ ಅಮೆರಿಕ, ಕೆನಡಾ ಅಥವಾ ಮೆಕ್ಸಿಕೋದ ನಿವಾಸಿ ಆಗಿರಬೇಕು. ಧಾರವಾಡದಲ್ಲೇ ಇರುವ, ಇಲ್ಲಿನ ಪ್ರಜೆ ಅಲ್ಲದ ತಾಯಿ ಆ ಲೆಕ್ಕಕ್ಕೆ ಬರುವುದಿಲ್ಲ. ಎಷ್ಟೇ ದುಡ್ಡು ಕಳಿಸಿದರೂ ಅಷ್ಟೇ.

ತಾಯಿ ಇಲ್ಲೇ ಬಂದು ಅವರ ಜೊತೆ ಇದ್ದಿದ್ದರೆ ಮಾತು ಬೇರೆ. ರಾಂಪ್, ಅಗಲ ಬಾಗಿಲು, ಬಾತ್‌ರೂಮಿನ ಹಿಡಿಕೆ, ಇವುಗಳಿಂದ ಮನೆಯ ಬೆಲೆ ಸಾಮಾನ್ಯವಾಗಿ ಏರುವುದಿಲ್ಲ, ಹಾಗಾಗಿ ಪೂರ್ತಿ ಖರ್ಚು ಹಿಡಿಯುತ್ತಾರೆ. ಲಿಫ್ಟ್ ಹಾಗಲ್ಲ. 12,000 ಡಾಲರ್ ಹಾಕಿ ಮನೆ ಬೆಲೆ 7,000 ಏರಿದರೆ ಉಳಿದ 5,000 ಮಾತ್ರ ವೈದ್ಯಕೀಯ ಖರ್ಚು. ಚೆಂದಕ್ಕೆ ಹಾಕಿದ ಗ್ರಾನೈಟ್ ಲೆಕ್ಕಕ್ಕಿಲ್ಲ. ಅದರ ಮೇಲೆ ವರ್ಷದ ಆದಾಯದ 7.5% ದಾಟಿದ ಭಾಗ ಮಾತ್ರ ಕಳೆಯಬೇಕು, ಅದೂ ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು ಖರ್ಚುಗಳನ್ನು ಒಂದೊಂದಾಗಿ ತೋರಿಸುವವರಿಗೆ. 2025ರಲ್ಲಿ ದಂಪತಿಗೆ ಸ್ಟ್ಯಾಂಡರ್ಡ್ ಡಿಡಕ್ಷನ್ನೇ 31,500 ಡಾಲರ್ ಇರುವಾಗ ಬಹಳ ಜನರಿಗೆ ಇದು ಕೈಗೆ ಹತ್ತುವುದಿಲ್ಲ.

ಮಾಳಮಡ್ಡಿ ಧಾರವಾಡ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್ ರೀ. ಹಾಗಾದರೆ ಹೊಸ ಪದ್ಧತಿಯಲ್ಲೇ ಇರುತ್ತೇನೆ. ತೆರಿಗೆಗೆ ಬೇಡ ಅಂದಮೇಲೆ ಆ ಸರ್ಟಿಫಿಕೇಟ್ ಮಾಡಿಸುವ ಅವಶ್ಯಕತೆ ಇದೆಯಾ?

ರಾಣೆಬೆನ್ನೂರು ಮಗ:

ಖಂಡಿತ ಮಾಡಿಸಿ ಅಕ್ಕ. ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಬರೀ ತೆರಿಗೆಗಲ್ಲ, ಸರ್ಕಾರದ ಬೇರೆ ಸೌಲಭ್ಯಗಳಿಗೂ ಕೇಳುತ್ತಾರೆ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ ಆಮೇಲೆ ಆಸ್ಪತ್ರೆಗೆ ತೋರಿಸಬೇಕು. ಮುಂದೆ ನೀವು ಮನೆ ಸಾಲ ಮಾಡಿದರೆ ಹಳೇ ಪದ್ಧತಿ ಲಾಭ ಆಗಬಹುದು, ಆಗ ಕಾರ್ಡ್ ಕೈಯಲ್ಲಿರುತ್ತದೆ.

ನಮ್ಮ ಅಪ್ಪನೂ ವೀಲ್‌ಚೇರ್‌ನಲ್ಲೇ ಇದ್ದಾರೆ, ಅದಕ್ಕೇ ಕೆಲಸ ಶುರು ಆಗುವ ಮೊದಲು ಇದಿಷ್ಟು ಗೌಂಡಿಗೆ ಹೇಳಿಬಿಡಿ. ರಾಂಪ್ ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು, ಜಾಗ ಇಲ್ಲ ಅಂತ ಆರಡಿಗೆ ಮುಗಿಸಿದರೆ ಕುರ್ಚಿ ತಳ್ಳುವವರಿಗೂ ಆಗುವುದಿಲ್ಲ, ಇಳಿಯುವಾಗ ಅವ್ವನಿಗೂ ಅಪಾಯ. ಜಾಗ ಸಾಲದಿದ್ದರೆ ನಡುವೆ ಸಮತಟ್ಟು ಬಿಟ್ಟು ತಿರುಗಿಸಲಿ. ಬಾಗಿಲು ಚೌಕಟ್ಟಿನ ಒಳಗೇ ಮೂರಡಿ ಸಿಗಬೇಕು, ಬಚ್ಚಲ ಬಾಗಿಲು ಹೊರಗಡೆ ತೆರೆಯಲಿ. ನಿಮ್ಮದು ಮಣ್ಣಿನ ಗೋಡೆ ಆಗಿದ್ದರೆ ಹಿಡಿಕೆಯನ್ನು ಬರೀ ಸ್ಕ್ರೂ ಹಾಕಿ ಕೂಡಿಸಲು ಬಿಡಬೇಡಿ, ಮೈಭಾರ ಬಿದ್ದರೆ ಕಿತ್ತು ಬರುತ್ತದೆ. ಆ ಜಾಗದಲ್ಲಿ ಕಾಂಕ್ರೀಟ್ ತುಂಬಿಸಿ, ಅದು ಗಟ್ಟಿ ಆದಮೇಲೆ ಹಿಡಿಕೆ ಹಾಕಿಸಿ. ಎಡಗೈ ಬಿದ್ದಿದೆ ಅಂದಿರಲ್ಲ, ಕಮೋಡ್ ಮೇಲೆ ಕೂತಾಗ ಹಿಡಿಕೆ ಬಲಗಡೆ ಬರುವ ಹಾಗೆ ನೋಡಿಕೊಳ್ಳಿ.